ವಾತದ್ವೀಪವಿಶ್ರಾಂತಿ ಮೀಮಾಂಸೆ

ಇನ್ನು ರಜೆಯ ವಿಚಾರ. ಇದು ಮೊದಲ ಸೂತ್ರ. ಅಹಮದಾಬಾದಿನ ವಸ್ತ್ರಾಪುರದ ನಾಲ್ಕನೇ ಮಹಡಿಯಲ್ಲಿ ಆಫೀಸು, ಇಎಂಐ, ಮಕ್ಕಳ ಟ್ಯೂಷನ್ನುಗಳಿಂದ ಹಣ್ಣಾದ ಕನ್ನಡಿಗನು ಇದನ್ನು ಓದಲು ಅಧಿಕಾರಿ. ಉಳಿದವರು ಓದಿದರೆ ದೋಷವೇನಿಲ್ಲ, ಫಲವೂ ಇಲ್ಲ.

ಲಕ್ಷಣ ಹೀಗೆ: ‘ದೂರದಲ್ಲಿದ್ದು, ಸುತ್ತ ನೀರಿದ್ದು, ಗಾಳಿ ಬೀಸುವ ಜಾಗದಿಂದ ಹಿಂತಿರುಗಿದವನು ಹೋಗುವಾಗಿದ್ದುದಕ್ಕಿಂತ ಗಟ್ಟಿಯಾಗಿರುವುದೇ ದ್ವೀಪವಿಶ್ರಾಂತಿ.’

‘ಹಿಂತಿರುಗಿದವನು’ ಎಂದು ಬಿಡಿಸಿ ಹೇಳಿದ್ದೇಕೆ? ಸುಲ್ತಾನ್ ಬಹಾದುರ್ ಷಾನಲ್ಲಿ ಅತಿವ್ಯಾಪ್ತಿ ಬಾರದಿರಲೆಂದು. ಹುಮಾಯೂನನ ಕಾಟ ತಾಳಲಾರದೆ ಈ ಗುಜರಾತಿನ ದೊರೆ 1535ರಲ್ಲಿ ಪೋರ್ಚುಗೀಸರಿಗೆ ದಿಯು ದ್ವೀಪದಲ್ಲಿ ಕೋಟೆ ಕಟ್ಟಿಕೊಳ್ಳಲು ಒಪ್ಪಿದ. 1537ರಲ್ಲಿ ಅದೇ ದಿಯುವಿನ ಕಡಲಲ್ಲಿ, ಕಾಯಿಲೆಯೆಂದು ಹಡಗಿನಲ್ಲೇ ಉಳಿದಿದ್ದ ಪೋರ್ಚುಗೀಸ್ ಗವರ್ನರ್ ನೂನೊ ದ ಕುನ್ಹಾನನ್ನು ವಿಚಾರಿಸಿಕೊಂಡು ಬರಲು ಹೋದ. ದೂರ ಇತ್ತು, ಗಾಳಿ ಇತ್ತು, ನೀರಂತೂ ಬೇಕಾದಷ್ಟಿತ್ತು. ವಾಪಸು ಬರುವಾಗ ಹೊಡೆದಾಟವಾಗಿ ಸುಲ್ತಾನ ಸಮುದ್ರದ ಪಾಲಾದ. ರೋಗಿ ಚೆನ್ನಾಗಿಯೇ ಇದ್ದ. ನೋಡಲು ಹೋದವನಿಗೇ ಅಪಾಯವೆಂಬ ನಿಯಮ ಇಂದಿಗೂ ದೊಡ್ಡ ಆಸ್ಪತ್ರೆಗಳಲ್ಲಿ ಜಾರಿಯಲ್ಲಿದೆ, ಆದರೆ ಅದು ಬೇರೆ ಪ್ರಬಂಧದ ವಸ್ತು.

ಈಗಿನ ದಿಯು ಯಾತ್ರಿಕರು ಹಿಂತಿರುಗುತ್ತಾರೆ, ಒಪ್ಪೋಣ. ಆದರೆ ‘ಗಟ್ಟಿಯಾಗಿ’ ಎಂಬಲ್ಲಿ ಸೋಲುತ್ತಾರೆ. ಗುಜರಾತಿನಲ್ಲಿ 1960ರಿಂದ ಪಾನನಿಷೇಧ, ಕೇಂದ್ರಾಡಳಿತದ ದಿಯುವಿನಲ್ಲಿ ಅದಿಲ್ಲ. ‘ಸಮುದ್ರದ ಗಾಳಿಗೆ ಹೋಗಿದ್ದೆವು’ ಎಂದು ಮನೆಯಲ್ಲಿ ಹೇಳುವವರ ತೂರಾಟಕ್ಕೆ ಗಾಳಿಯೇ ಕಾರಣವೆಂಬುದು ಅನುಮಾನಪ್ರಮಾಣಕ್ಕೆ ನಿಲ್ಲುವುದಿಲ್ಲ.

‘ದೂರದಲ್ಲಿದ್ದು’ ಎಂದದ್ದು ನಗೀನಾವಾಡಿಯನ್ನು ಹೊರಗಿಡಲು. ಸುಲ್ತಾನ್ ಕುತುಬುದ್ದೀನನ ಕಾಲದಲ್ಲಿ, 1451ರಲ್ಲಿ, ಪೂರ್ತಿಯಾದ, ಊರೊಳಗಿನ ಕಾಂಕರಿಯಾ ಕೆರೆಯ ನಡುಗಡ್ಡೆ ಅದು. ಬೇಸಿಗೆಯಲ್ಲಿ ತಂಪಾಗಿರಲು ಮಾಡಿದ್ದು. ಅಲ್ಲಿಗೆ ನಡೆದೇ ಹೋಗಬಹುದು, ರಾತ್ರಿ ಊಟಕ್ಕೆ ಮನೆಗೂ ಬರಬಹುದು. ರಜೆಗೆ ಹೋದವನು ಊಟಕ್ಕೆ ಮನೆಗೆ ಬಂದರೆ ಮನೆಯಾಕೆಗೆ ರಜೆ ಎಲ್ಲಿಯದು? ಬೇಟ್ ದ್ವಾರಕೆಗಾದರೂ ಮೊನ್ನೆಮೊನ್ನೆಯವರೆಗೆ ಓಖಾದಿಂದ ದೋಣಿ ಹತ್ತಬೇಕಿತ್ತು. 2024ರ ಫೆಬ್ರವರಿಯಲ್ಲಿ ಸುದರ್ಶನ ಸೇತು ತೆರೆಯಿತು. ಈಗ ಕಾರಿನ ಎಸಿ ಆರಿಸದೆ ದ್ವೀಪ ಸೇರಬಹುದು. ಕಿಟಕಿ ಮುಚ್ಚಿಕೊಂಡವನಿಗೆ ಗಾಳಿ ಯಾವ ನ್ಯಾಯದಿಂದ ತಗಲಬೇಕು?

ಇಲ್ಲಿ ಉಡುಪಿಯ ಪೂರ್ವಪಕ್ಷಿಗಳು ಎದ್ದು, ‘ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಇಲ್ಲವೇ? ಕಂಬ ನಿಲ್ಲಿಸಿದ ಹಾಗಿರುವ ಬಂಡೆ ಇನ್ನೆಲ್ಲಿ ಉಂಟು ಮಾರಾಯ್ರೆ?’ ಎನ್ನುತ್ತಾರೆ. ಉತ್ತರ: ಮಳೆಗಾಲದಲ್ಲಿ ಅಲ್ಲಿ ನಿಜವಾದ ಗಾಳಿ ಇರುತ್ತದೆ, ದೋಣಿ ಇರುವುದಿಲ್ಲ. ದೋಣಿ ಶುರುವಾಗುವ ಹೊತ್ತಿಗೆ ಗಾಳಿ ಸುಮ್ಮನಾಗಿರುತ್ತದೆ. ಇದನ್ನೇ ಪರಸ್ಪರಾಭಾವ ಎನ್ನುವುದು.

‘ಹಾಗಾದರೆ ವಸ್ತ್ರಾಪುರದ ಕೆರೆ?’ ಅಲ್ಲಿ ನೀರು ನಡುವೆ, ವಾಕಿಂಗಿನ ಜನ ಸುತ್ತ. ದ್ವೀಪದಲ್ಲಿ ಜನ ನಡುವೆ, ನೀರು ಸುತ್ತ. ಇದು ವಿಪರೀತದ್ವೀಪ, ಗ್ರಾಹ್ಯವಲ್ಲ. ‘ಗಾಳಿ ಊರಲ್ಲೇ ಇದೆಯಲ್ಲ’ ಎನ್ನುವವರು ಜಹಾಂಗೀರನನ್ನು ಕೇಳಲಿ. ಕಡಲು ನೋಡುವ ಆಸೆಯಿಂದ ಖಂಭಾತಿಗೆ ಬಂದ ಬಾದಶಹ 1618ರಲ್ಲಿ ಅಹಮದಾಬಾದಿನಲ್ಲಿ ತಂಗಿ, ಜ್ವರ ಹಿಡಿಸಿಕೊಂಡು, ಊರಿನ ಧೂಳಿಗೂ ಬಿಸಿಗಾಳಿಗೂ ಹಿಡಿಶಾಪ ಹಾಕಿ ಗರ್ದಾಬಾದ್ ಎಂದು ಹೆಸರಿಟ್ಟ. ಮೇ ತಿಂಗಳಲ್ಲಿ ಆಟೋದಲ್ಲಿ ಕುಳಿತವರಿಗೆ ಈ ಪ್ರಮಾಣವೂ ಬೇಕಿಲ್ಲ.

ಸಿದ್ಧಾಂತ: ಲಕ್ಷಣ ಪೂರ್ತಿಯಾಗಿ ಕೂಡುವುದು ಜನವರಿ 14ರ ಗಾಳಿಪಟದ ಹಬ್ಬ ಉತ್ತರಾಯಣದಂದು ಅಪಾರ್ಟ್‌ಮೆಂಟಿನ ಧಾಬಾದಲ್ಲಿ, ಎಂದರೆ ತಾರಸಿಯ ಮೇಲೆ, ಮಾತ್ರ. ಗಾಳಿಯ ವೇಗವೆಷ್ಟೆಂದು ಅಂದು ಇಡೀ ಊರು ಬೆಳಿಗ್ಗೆ ಪತ್ರಿಕೆ ತೆರೆದು ನೋಡುತ್ತದೆ. ದೂರವೂ ಹೌದು: ಪಟ ಕತ್ತರಿಸಿದವರ ‘ಕಾಯ್ಪೋ ಛೆ’ ಎಂಬ ಕೂಗು ಮತ್ತು ಸ್ಪೀಕರುಗಳ ನಡುವೆ ಬಾಸಿನ ಫೋನು ಕೇಳಿಸದಷ್ಟು ದೂರ. ಹಳೇ ಊರಿನ ಪೋಲ್ ಎಂಬ ಕೇರಿಗಳಲ್ಲಿ ಆ ದಿನಕ್ಕೆಂದೇ ಧಾಬಾ ಬಾಡಿಗೆ ಹಿಡಿಯುವ ಅನಿವಾಸಿಗಳ ಶಿಷ್ಟಾಚಾರವೂ ಇದಕ್ಕೆ ಪ್ರಮಾಣ. ನೀರು? ಟ್ಯಾಂಕು ನಡುವೆ ಇದೆ, ನಾವು ಸುತ್ತ ಇದ್ದೇವೆ. ‘ಕೆರೆಯ ವಿಷಯದಲ್ಲಿ ಇದನ್ನೇ ತಳ್ಳಿಹಾಕಿದಿರಲ್ಲ?’ ಎಂದರೆ, ಅದು ಪೂರ್ವಪಕ್ಷ, ಇದು ಸಿದ್ಧಾಂತ. ಇನ್ನು ಗಟ್ಟಿತನ: ಇಡೀ ದಿನ ಮೇಲೆ ನೋಡಿ ಕೆಳಗಿಳಿದವನ ಕತ್ತು ಹೋಗುವಾಗಿದ್ದುದಕ್ಕಿಂತ ಎಷ್ಟು ಗಟ್ಟಿಯಾಗಿರುತ್ತದೆಂದು ಮುಟ್ಟಿ ನೋಡಬಹುದು.

ಪಥ್ಯ: ಉಂಧಿಯು, ಜಿಲೇಬಿ, ಚಿಕ್ಕಿ. ಎಳ್ಳುಬೆಲ್ಲ ಹಂಚಿದರೆ ಪಕ್ಕದ ಮನೆಯ ಬೆನ್‌ಗಳು ಚಿಕ್ಕಿ ಪುಡಿಯಾಗಿದೆಯೆಂದು ಭಾವಿಸಿ ಸಮಾಧಾನ ಹೇಳುತ್ತಾರೆ. ತಿದ್ದಲು ಹೋಗಬಾರದು, ವಿಶ್ರಾಂತಿಗೆ ಭಂಗ.

ಒಂದು ವಿವಾದ ಉಳಿದಿದೆ. ಗಾಳಿಪಟ ಹಾರಿಸುವವನಿಗೆ ಮಾಂಜಾ ಕುಯ್ದ ಬೆರಳು, ಕತ್ತರಿಸಿಹೋದ ಪಟದ ಸಂಕಟ, ಅವನಿಗೆ ವಿಶ್ರಾಂತಿಯಿಲ್ಲ. ಹಿಂದೆ ದಾರದ ಫಿರ್ಕಿ ಹಿಡಿದು ನಿಂತು, ‘ಢೀಲ್’ ಎಂದಾಗ ಬಿಟ್ಟು ‘ಲಪೇಟ್’ ಎಂದಾಗ ಸುತ್ತುವವನೇ ನಿಜವಾದ ಫಲಭಾಗಿ ಎಂದು ಒಂದು ಪಂಥ. ನಮ್ಮ ಸೊಸೈಟಿಯಲ್ಲಿ ಈ ಪಂಥಕ್ಕೆ ಸೇರಿದವರೆಲ್ಲ ಅಳಿಯಂದಿರು.