ಹಲ್ಲು ಎಣಿಸಿ ಕೊಂಡ ವಿಮಾನ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಮ್ಮ ತಾತ ಮೊದಲು ಅದರ ಬಾಯಿ ಬಿಡಿಸುತ್ತಿದ್ದರು. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ ಅಂತ ಎಣಿಸಿದ ಮೇಲೆ ಸುಳಿ ನೋಡುವುದು, ಗೊರಸು ತಟ್ಟುವುದು, ಬಾಲ ಹಿಡಿದು ತಿರುಚುವುದು. ಕೊನೆಗೆ ದಲ್ಲಾಳಿಯ ಜೊತೆ ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ. ಆ ರಕ್ತ ಎಲ್ಲಿಗೆ ಹೋದೀತು? ನಾನೂ ಹಲ್ಲು ಎಣಿಸಿಯೇ ಕೊಂಡೆ. ಕೊಂಡದ್ದು ಮಾತ್ರ ಏರ್‌ಬಸ್ ಎ320.

ಗಾಬರಿಯಾಗಬೇಡಿ. ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರಿಗೆಂದು ಬೇರೆಯಾಗಿ ಮಾರುವ ವಿಮಾನ, ಆಡ್-ಆನ್ ಅನ್ನುತ್ತಾರೆ.

“ಆ ಆಟದ ಜೊತೇಲೇ ವಿಮಾನಗಳು ಬಂದಿದ್ವಲ್ಲ, ಇದ್ಯಾಕೆ?” ಅಂದಳು ಹೆಂಡತಿ.

ಎರಡು ತಪ್ಪು. ಮೊದಲನೆಯದು, ಇದನ್ನು ಆಟ ಅನ್ನಬಾರದು. ಎರಡನೆಯದು, ಜೊತೆಯಲ್ಲಿ ಬಂದದ್ದು ಹೋಟೆಲಿನ ತಟ್ಟೆ ಊಟದ ಹಪ್ಪಳ ಇದ್ದಂತೆ, ಇರುತ್ತದೆ ಅಷ್ಟೆ. 1982ರಲ್ಲಿ ಮೈಕ್ರೋಸಾಫ್ಟ್ ಮೊದಲ ಸಲ ಫ್ಲೈಟ್ ಸಿಮ್ಯುಲೇಟರ್ ತಂದಾಗ ಷಿಕಾಗೋದ ಮೀಗ್ಸ್ ಫೀಲ್ಡಿನಿಂದ ಗೆರೆಗೆರೆಯ ಸೆಸ್ನಾ ಹಾರಿಸಿ ಜನ ಧನ್ಯರಾದರು. ನಾವು ಧನ್ಯರಾಗುವ ಜಾತಿಯಲ್ಲ. ಫ್ಲೈಬೈವೈರ್ ಎಂಬ ತಂಡದವರು ಇದೇ ಎ320ಯನ್ನು ಪುಕ್ಕಟೆ ಕೊಡುತ್ತಾರೆ, ಚೆನ್ನಾಗಿಯೂ ಇದೆ. ಅದೇ ತೊಂದರೆ. ಪುಕ್ಕಟೆ ಬಂದದ್ದನ್ನು ಬೈಯಲು ಬಾಯಿ ಬರುವುದಿಲ್ಲ. ಕೊರತೆ ಹುಡುಕುವ ಸುಖ ಬೇಕೆಂದರೆ ಕೈಯಿಂದ ಕಾಸು ಬಿಚ್ಚಲೇಬೇಕು.

ಬಿಚ್ಚಿದೆ. ಮೂರು ವಾರ ಪರೀಕ್ಷೆ ನಡೆಯಿತು.

ಮೊದಲು ವಿಮಾನವನ್ನು ‘ಕೋಲ್ಡ್ ಅಂಡ್ ಡಾರ್ಕ್’ ನಿಲ್ಲಿಸಬೇಕು, ಅಂದರೆ ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚಿನ ಬಸ್ಸಿನ ಹಾಗೆ ಸಂಪೂರ್ಣ ಸ್ತಬ್ಧ. ಅಲ್ಲಿಂದ ಬ್ಯಾಟರಿ, ಬಾಲದಲ್ಲಿರುವ ಪುಟ್ಟ ಎಂಜಿನ್ ಎಪಿಯು, ಪಂಪುಗಳು, ಒಂದೊಂದೇ ಗುಂಡಿ. ನಮ್ಮ ಬಡಾವಣೆಯಲ್ಲಿ ದೀಪ ಆರಿದರೆ ತೊಂದರೆ ಎಂದರ್ಥ. ಏರ್‌ಬಸ್ಸಿನ ತಲೆಮೇಲಿನ ಫಲಕದಲ್ಲಿ ದೀಪ ಆರಿದ್ದರೇ ಎಲ್ಲ ಕ್ಷೇಮ. ಹೀಗೆ ದೀಪ ಆರಿಸುವುದರಲ್ಲೇ ಭಾನುವಾರ ಕಳೆಯಿತು. “ಹಾರಿತಾ?” ಅಂತ ಒಳಗಿನಿಂದ ಪ್ರಶ್ನೆ. “ಡೀಸೆಲ್ ಪಂಪ್ ಚೆಕ್ ಮಾಡ್ತಿದೀನಿ” ಅಂದೆ. ವಿಮಾನಕ್ಕೆ ಡೀಸೆಲ್ ಹಾಕುವುದಿಲ್ಲ, ಆದರೆ ಅವಳಿಗೆ ಅಷ್ಟು ಸಾಕು.

ಮುಂದಿನದು ನಾಯಿ ಪರೀಕ್ಷೆ. ಎ320ಯ ಹೊಟ್ಟೆಯೊಳಗೆ ಪಿಟಿಯು ಎಂಬ ಯಂತ್ರವಿದೆ. ಹಸಿರು, ಹಳದಿ ಎಂದು ಹೆಸರಿಟ್ಟ ಎರಡು ಹೈಡ್ರಾಲಿಕ್ ವ್ಯವಸ್ಥೆಗಳಲ್ಲಿ ಒಂದರ ಒತ್ತಡ ಕುಸಿದರೆ ಇನ್ನೊಂದರ ಬಲವನ್ನು ದಾಟಿಸುವುದು ಅದರ ಕೆಲಸ. ಎರಡನೇ ಎಂಜಿನ್ ಚಾಲೂ ಮಾಡುವಾಗ ಅದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ, ಆಗ ಥೇಟ್ ನಾಯಿ ಬೊಗಳಿದ ಸದ್ದು. ಒಳ್ಳೆಯ ಆಡ್-ಆನ್ ಬೊಗಳಬೇಕು, ಹೊತ್ತಿಗೆ ಸರಿಯಾಗಿ ಬೊಗಳಬೇಕು. ರಾತ್ರಿ ಹನ್ನೊಂದಕ್ಕೆ ಸ್ಪೀಕರ್ ಜೋರು ಮಾಡಿ ಆರು ಸಲ ಬೊಗಳಿಸಿದೆ. ಮರುದಿನ ಪಕ್ಕದ ಮನೆಯವರು, “ಯಾವ ಜಾತಿ ಸಾರ್, ಲ್ಯಾಬ್ರಡಾರಾ?” ಅಂದರು. “ಯುರೋಪಿಂದು” ಅಂದೆ. ಸುಳ್ಳಲ್ಲವಲ್ಲ.

ಆಮೇಲೆ ಹಾರಾಟದ ಹಲ್ಲುಗಳು. ಎ320ಯಲ್ಲಿ ಬಸ್ಸಿನಂಥ ಸ್ಟಿಯರಿಂಗ್ ಇಲ್ಲ, ಪಕ್ಕದಲ್ಲೊಂದು ಸಣ್ಣ ಕೋಲು. ವಿಮಾನವನ್ನು 20 ಡಿಗ್ರಿ ಓರೆ ಮಾಡಿ ಕೋಲು ಬಿಟ್ಟರೆ ಓರೆಯಾಗಿಯೇ ನಿಲ್ಲಬೇಕು. 45 ಡಿಗ್ರಿ ಮಾಡಿ ಬಿಟ್ಟರೆ ತಾನಾಗಿ 33ಕ್ಕೆ ಮರಳಬೇಕು. ನನ್ನದು ಮರಳಿತು. ಇಳಿಯುವಾಗ ಇನ್ನೂ ಸೂಕ್ಷ್ಮ: ನೆಲ 30 ಅಡಿ ಇದೆ ಎನ್ನುವಾಗ ವಿಮಾನ ಬೇಕಂತಲೇ ಮೂತಿ ತಗ್ಗಿಸತೊಡಗುತ್ತದೆ, ಪೈಲಟ್ ಕೋಲು ಹಿಂದಕ್ಕೆಳೆದು ಎತ್ತಲಿ ಅಂತ. ಹಳ್ಳಿಯ ಕಡೆ ಅಜ್ಜಿಯರು ಬೇಡ ಬೇಡ ಅಂದು ತಟ್ಟೆಗೆ ಅಡ್ಡ ಕೈ ಹಿಡಿಯುತ್ತಾರಲ್ಲ, ಬಡಿಸುವವರು ಒತ್ತಾಯ ಮಾಡಲಿ ಎಂದು, ಅದೇ ಉಪಚಾರ.

ಆದರೆ ನನ್ನ ಮನಸ್ಸು ಗೆದ್ದದ್ದು ‘ಡ್ಯುಯಲ್ ಇನ್‌ಪುಟ್’. ಇಬ್ಬರು ಪೈಲಟ್‌ಗಳಿಗೂ ಒಂದೊಂದು ಕೋಲು. ಇಬ್ಬರೂ ಒಟ್ಟಿಗೆ ಅಲ್ಲಾಡಿಸಿದರೆ ವಿಮಾನ ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಸಮನಾಗಿ ಎಳೆದರೆ ಮೊತ್ತ ಸೊನ್ನೆ. ಜೊತೆಗೆ “ಡ್ಯುಯಲ್ ಇನ್‌ಪುಟ್” ಅಂತ ಕೂಗಿ ಹೇಳುತ್ತದೆ. ಇಬ್ಬರಲ್ಲೊಬ್ಬರು ಕೆಂಪು ಗುಂಡಿ ಒತ್ತಿದರೆ ಅಧಿಕಾರ ಅವರದು. 40 ಸೆಕೆಂಡಿಗೂ ಹೆಚ್ಚು ಒತ್ತಿ ಹಿಡಿದರೆ ಇನ್ನೊಬ್ಬರ ಕೋಲು ನಿಷ್ಕ್ರಿಯ. ಇದನ್ನು ವಿವರಿಸಿದಾಗ ಹೆಂಡತಿ ಮೊದಲ ಸಲ ತಲೆದೂಗಿದಳು. “ವಿಮಾನ ಮಾಡಿದೋರು ಸಂಸಾರಸ್ಥರು” ಅಂದಳು.

ಇಷ್ಟೆಲ್ಲ ಆದರೂ ಒಂದು ಮಾತು ಮುಚ್ಚಿಟ್ಟಿದ್ದೆ. ತಾತ ಹಲ್ಲು ಎಣಿಸಿದ ಮೇಲೆ ಎತ್ತಿಗೆ ನೊಗ ಹೊರಿಸಿ ಹೊಲಕ್ಕೆ ಇಳಿಸುತ್ತಿದ್ದರು. ನಾನು ಮೂರು ವಾರದಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಒಮ್ಮೆಯೂ ಹಾರಿರಲಿಲ್ಲ.

ಹಾರುವ ಯೋಗ ಬೇರೆ ಥರ ಬಂತು. ಮಂಗಳೂರಿನಲ್ಲಿ ನಾದಿನಿಯ ಮಗನ ಮದುವೆ. ದೇವನಹಳ್ಳಿಯಲ್ಲಿ ಹತ್ತಿದ್ದು ನಿಜವಾದ ಎ320, ರೆಕ್ಕೆಯ ಪಕ್ಕದ ಸೀಟು. ಎರಡನೇ ಎಂಜಿನ್ ಚಾಲೂ ಆಯಿತು, ಕಾಲ ಕೆಳಗೆ ಬೌ ಬೌ. ಮುಂದಿನ ಸಾಲಿನ ಅಜ್ಜಿ ಬೆಚ್ಚಿ, “ಕೆಳಗೆ ನಾಯಿ ಹಾಕಿದಾರಾ?” ಅಂದರು. ನನಗೆ ರೋಮಾಂಚನ. “ಪರವಾಗಿಲ್ಲ ಕಣೇ, ಇದು ನಮ್ಮನೇದರ ಥರಾನೇ ಬೊಗಳುತ್ತೆ!” ಅಂದೆ, ಸ್ವಲ್ಪ ಜೋರಾಗಿಯೇ. ನಾಲ್ಕು ಸಾಲು ತಿರುಗಿ ನೋಡಿತು.

ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿ ಕಡಿದು ಮಾಡಿದ್ದು, ಅಂಚಿನಾಚೆ ಕಣಿವೆ. ಕಿಟಕಿಯಲ್ಲಿ ತೆಂಗಿನ ತಲೆಗಳು ಮೇಲೇರತೊಡಗಿದವು. ಐವತ್ತು ಅಡಿ ಇರಬೇಕು, ಮೂವತ್ತು ಇರಬೇಕು. ಈಗ ಎತ್ತಬೇಕು! ನನ್ನ ಬಲಗೈ ಸೀಟಿನ ತೋಳನ್ನು ಹಿಡಿದು ಹಿಂದಕ್ಕೆ ಎಳೆಯತೊಡಗಿತ್ತು. ಹೆಂಡತಿ ಏನೂ ಅನ್ನದೆ ತನ್ನ ಕೈಯನ್ನು ನನ್ನ ಕೈ ಮೇಲಿಟ್ಟು ಅದುಮಿದಳು. ಚಕ್ರ ನೆಲ ಮುಟ್ಟಿತು, ವಿಮಾನ ತಿರುಗಿತು, ಟರ್ಮಿನಲ್ ಹತ್ತಿರವಾಯಿತು. ಅವಳ ಕೈ ಅಲ್ಲೇ ಇತ್ತು.

ಎಣಿಸುತ್ತಿದ್ದೆ. ನಲವತ್ತು ಸೆಕೆಂಡು ಯಾವಾಗಲೋ ದಾಟಿತ್ತು.