ಎವರೇಜ್ ಕಾಕಾ

ಯಲಬುರ್ಗಾ, ಕುಷ್ಟಗಿ ಸೀಮೆಯಲ್ಲಿ ಹೊಸಬನೊಬ್ಬ ಗಾಡಿ ಮೇಲೆ ಬಂದಿಳಿದರೆ ಅವನ ಊರು, ಮನೆತನ, ಹೊಲ ಎಷ್ಟು ಎಕರೆ ಎಂಬುದೆಲ್ಲ ಆಮೇಲೆ. ಮೊದಲ ಪ್ರಶ್ನೆ ಒಂದೇ: “ಎಷ್ಟ ಎವರೇಜ್ ಕೊಡ್ತೈತಿ?” ಕೇಳುವವರು ಎಲ್ಲ ಕಡೆ ಇದ್ದಾರೆ. ಕೇಳುವುದನ್ನೇ ಕಸುಬು ಮಾಡಿಕೊಂಡವನು ಮಾತ್ರ ಊರಿಗೊಬ್ಬ. ಇಟಗಿಯಲ್ಲಿ ಅವನಿಗೆ ಎವರೇಜ್ ಕಾಕಾ ಎಂದೇ ಹೆಸರು. ತಾಯಿ-ತಂದೆ ಇಟ್ಟ ಹೆಸರು ಆಧಾರ್ ಕಾರ್ಡಿನಲ್ಲಿದೆ, ಅಲ್ಲೇ ಇರಲಿ.

ಕಾಕಾನ ಗಾಡಿ 1996ರ ಹೀರೋ ಹೋಂಡಾ ಸ್ಪ್ಲೆಂಡರ್. ನಂಬರು ಕೆಎ 36ರಿಂದ ಸುರುವಾಗುತ್ತದೆ, ಅಂದರೆ ರಾಯಚೂರು ಪಾಸಿಂಗ್. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ, ಕೆಎ 37 ಅದರ ಕೂಸು. ಹೀಗಾಗಿ ಕಾಕಾನಿಗೆ ಇಡೀ ಜಿಲ್ಲೆಯ ಮೇಲೆ ಒಂದು ವರ್ಷದ ಹಿರಿತನ. ಕೊಪ್ಪಳದಲ್ಲಿ ಯಾವ ಆಫೀಸಿಗೆ ಹೋದರೂ ಗಾಡಿ ಸ್ಟ್ಯಾಂಡಿಗೆ ಹಾಕಿ, “ನಿಮ್ಮ ಜಿಲ್ಲಾಕ್ಕಿಂತ ದೊಡ್ಡದ್ರೀ ಇದು, ಸ್ವಲ್ಪ ನೆಳ್ಳಾಗ ಜಾಗಾ ಕೊಡ್ರಿ” ಅನ್ನುತ್ತಾನೆ. ಗಾಡಿ ಬಂದಾಗ ಇಟಗಿ ಇದ್ದದ್ದು ಯಲಬುರ್ಗಾ ತಾಲೂಕಿನಲ್ಲಿ. ಈಗ ಅದು ಕುಕನೂರು ತಾಲೂಕು. ಹೀರೋ ಹೋಂಡಾದೊಳಗಿನ ಹೋಂಡಾ ಕೂಡ 2011ರ ಹೊತ್ತಿಗೆ ಬೇರೆ ಒಲೆ ಹೂಡಿತು. “ಜಿಲ್ಲಾ ಪಾಲಾತು, ತಾಲೂಕ ಪಾಲಾತು, ಕಂಪನಿ ಪಾಲಾತು. ನಮ್ಮ ಅಣತಮ್ಮರೂ ಪಾಲಾದಿವಿ. ಇದೊಂದ ನೋಡಪಾ, ಕೂಡೇ ಐತಿ” ಎಂದು ಟ್ಯಾಂಕಿನ ಮೇಲೆ ಅಂಗೈ ಸವರುತ್ತಾನೆ.

1985ರಲ್ಲಿ ಇದೇ ಕಂಪನಿಯ ಸಿಡಿ 100 ಬಂದಾಗ, ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂದು ಜಾಹೀರಾತು ಕೊಟ್ಟಿದ್ದರು. ಕಾಕಾ ತುಂಬಿಸುತ್ತಾನೆ, ಮುಚ್ಚುತ್ತಾನೆ. ಮರೆಯುವುದೊಂದು ಮಾತ್ರ ಅವನ ಕೈಯಲ್ಲಿ ಆಗಿಲ್ಲ. ಬೀಜ-ಗೊಬ್ಬರದ ಅಂಗಡಿಯವರು ಪ್ರತಿ ವರ್ಷ ಕೊಡುವ ಡೈರಿಯಲ್ಲಿ ಹಾಕಿಸಿದ ಪೆಟ್ರೋಲು, ಮೀಟರಿನ ಅಂಕಿ, ಅವತ್ತಿನ ರೇಟು ಎಲ್ಲ ಬರೆದಿದೆ. ರೇಟು ನೂರು ದಾಟಿದ 2021ರ ಹಾಳೆಗೆ ಅಂಚಿನ ಸುತ್ತ ಕರಿ ಗೆರೆ ಎಳೆದಿದ್ದಾನೆ. ಮನೆಯ ಇತಿಹಾಸವೂ ಅದರಲ್ಲೇ ಸೇರಿಕೊಂಡಿದೆ. ಮಗಳು ಹುಟ್ಟಿದ ದಿನ ಯಾವುದು ಅಂದರೆ ತಲೆ ಕೆರೆದುಕೊಂಡು, “ಹದಿನೆಂಟು ಸಾವಿರದ ನಾಕನೂರು ಕಿಲೋಮೀಟ್ರಿಗೆ” ಅನ್ನುತ್ತಾನೆ. ಶಾಲೆಗೆ ಹಚ್ಚುವಾಗ ಮಾಸ್ತರರು ಅದನ್ನು ತಾರೀಖಿಗೆ ತಿರುಗಿಸಿಕೊಳ್ಳಲು ಬಹಳ ಒದ್ದಾಡಿದರಂತೆ. ಅವನ ಹೆಂಡತಿ ಕಾಕುವಿನ ತಕರಾರೂ ಇದೇ: “ನನ್ನ ತವರಮನಿ ಬಂಗಾರ ಎಲ್ಲಿ ಅಡಾ ಬಿತ್ತು ಅನ್ನೂದಕ್ಕ ಚೀಟಿ ಇಲ್ಲ. ಪೆಟ್ರೋಲಿಗೆ ಗ್ರಂಥ ಐತಿ.”

ಎವರೇಜ್ ತೆಗೆಯುವ ವಿಧಾನವನ್ನು ಒಮ್ಮೆ ಕಣ್ಣಾರೆ ನೋಡಬೇಕು. ಟ್ಯಾಂಕಿನ ಪೆಟ್ರೋಲನ್ನು ಕೊಳವೆಯಿಂದ ಪೂರ್ತಿ ಇಳಿಸುತ್ತಾನೆ. ಕಾರ್ಬೋರೇಟರಿನೊಳಗೆ ಉಳಿದ ಹನಿಯೂ ತೀರಲೆಂದು ನಿಂತಲ್ಲೇ ಗಾಡಿ ಚಾಲೂ ಇಟ್ಟು ತಾನಾಗಿ ಬಂದ್ ಆಗುವವರೆಗೆ ಕಾಯುತ್ತಾನೆ. ಆಮೇಲೆ ಒಂದು ಲೀಟರಿನ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತಂದು, ಬಿಸಿಲಿಗೆ ಹಿಡಿದು ಗೆರೆ ನೋಡಿ, ಲಾಳಿಕೆ ಇಟ್ಟು ಸುರಿಯುತ್ತಾನೆ. ಟೈರಿನ ಗಾಳಿ ಬೆರಳಿನಿಂದ ಒತ್ತಿ ನೋಡಿ, ಜೇಬಿನ ಚಿಲ್ಲರೆಯನ್ನೂ ಕಾಕುವಿನ ಕೈಗೆ ಕೊಟ್ಟು ಹೊರಡುತ್ತಾನೆ. ತೂಕ ಕಡಿಮೆ ಇರಲಿ ಅಂತ. ನಲವತ್ತರ ಮೇಲೆ ಮುಳ್ಳು ಏರುವುದಿಲ್ಲ. ನಮ್ಮ ಸೀಮೆ ಚಪ್ಪಟೆ. ಇಳಿಜಾರು ಸಿಗುವುದೇ ಅಪರೂಪ, ಸಿಕ್ಕ ಒಂದೊಂದೂ ಕಾಕಾನಿಗೆ ಬಾಯಿಪಾಠ. ಅಲ್ಲಿ ಕೀಲಿ ತಿರುವಿ ಇಂಜಿನ್ ಬಂದ್ ಮಾಡಿ ಜಾರಿಕೊಳ್ಳುತ್ತಾನೆ. ಎದುರಿಗೆ ಲಾರಿ ಬಂದರೂ ಬ್ರೇಕ್ ಹಿಡಿಯಲು ಮನಸ್ಸಾಗುವುದಿಲ್ಲ. ಬ್ರೇಕ್ ಅಂದರೆ ಸುಟ್ಟ ಪೆಟ್ರೋಲಿಗೆ ಮಾಡಿದ ಅವಮಾನ.

ಬಾಟಲಿ ಪೆಟ್ರೋಲು ಮುಗಿಯುವುದು ಎಂದೂ ಮನೆ ಮುಂದೆ ಅಲ್ಲ, ಇದು ಭೂಮಿಯ ನಿಯಮ. ಕಳೆದ ಸಲ ಬನ್ನಿಕೊಪ್ಪದ ದಾರಿಯಲ್ಲಿ ಮುಗಿಯಿತು. ಅಲ್ಲಿಂದ ದಬ್ಬಿಕೊಂಡು ಬಂದ. ಗ್ಯಾರೇಜಿನ ಮುಂದಿನ ಬೇವಿನ ಕಟ್ಟೆಗೆ ಬಂದು, ಬೆವರು ಒರೆಸಿಕೊಂಡು, ಮೀಟರ್ ನೋಡಿ ಘೋಷಣೆ ಮಾಡಿದ: “ಎಂಬತ್ತೊಂದು!”

ಕಟ್ಟೆಯ ಮೇಲೆ ಕುಂತಿದ್ದ, ಆರೆಕ್ಸ್ 100 ಗಾಡಿಯ ಹುಡುಗನಿಗೆ ಸಂಶಯ ಬಂತು. “ಕಾಕಾ, ದಬ್ಬಿಕೊಂಡ ಬಂದಿ ಅಲ್ಲಾ, ಅದೂ ಇದ್ರಾಗ ಐತೇನ?”

ಹುಡುಗ ಕೇಳಿದ್ದು ಸರಿ. ಈ ಗಾಡಿಯಲ್ಲಿ ಮೀಟರಿನ ವೈರು ಇರುವುದು ಮುಂದಿನ ಗಾಲಿಗೆ. ಇಂಜಿನ್ ತಿರುಗಲಿ, ಬಿಡಲಿ, ಗಾಲಿ ತಿರುಗಿದರೆ ಅಂಕಿ ಏರುತ್ತದೆ. ಆದರೆ ಕಾಕಾ ಜಗ್ಗಲಿಲ್ಲ. “ಮೀಟರ್ ಓಡೇತಿಲ್ಲೋ? ಒಂದ ಲೀಟರ್ ಮ್ಯಾಲೆ ಹನಿ ಹಾಕಿಲ್ಲೋ? ಮತ್ತ ಲೆಕ್ಕಕ್ಕ ಯಾಕ ಬರಂಗಿಲ್ಲ?”

“ಅದು ಗಾಡಿ ಎವರೇಜ್ ಅಲ್ಲ ಕಾಕಾ, ನಿಂದು.”

“ನಂದ ಆದ್ರ ಇನ್ನೂ ಚಲೋ ಆತು. ಮುಂಜಾನಿಂದ ಎರಡ ರೊಟ್ಟಿ, ಅರ್ಧಾ ಕಪ್ ಚಾದ ಮ್ಯಾಲೆ ಅದೀನಿ.”

ಈ ಬೇವಿನ ಕಟ್ಟೆಯ ಸಭೆ ಸಂಜೆ ಐದಕ್ಕೆ ಸೇರುತ್ತದೆ. ಮಿರ್ಚಿ-ಮಂಡಕ್ಕಿ ಬಂದ ಮೇಲೆ ಕಾವೇರುತ್ತದೆ. ಆರೆಕ್ಸ್ 100 ತಯಾರಿ ನಿಂತದ್ದು 1996ರಲ್ಲಿ, ಹುಡುಗ ಹುಟ್ಟಿದ್ದು ಅದಾದ ಮೇಲೆ. ತಾನು ಹುಟ್ಟುವ ಮೊದಲೇ ನಿಂತ ಗಾಡಿಗೆ ಅವನು ಹೊಸ ಗಾಡಿಗಿಂತ ಹೆಚ್ಚು ರೊಕ್ಕ ಕೊಟ್ಟು ತಂದಿದ್ದಾನೆ. “ಸೌಂಡ್ ಕೇಳು ಕಾಕಾ” ಅಂತ ಎಕ್ಸಲೇಟರ್ ತಿರುವಿದರೆ ಕಾಕಾ ಎದೆ ಹಿಡಿದುಕೊಳ್ಳುತ್ತಾನೆ: “ನಿಂತಲ್ಲೇ ಸುಡ್ತೀಯಲ್ಲೋ! ಪೆಟ್ರೋಲ್ ಸಾಲದ್ದಕ್ಕ ಆಯಿಲ್ಲೂ ಕುಡಿತೈತಿ ಅದು.” ರಿಟೈರ್ಡ್ ಕಂಡಕ್ಟರ್ ಒಬ್ಬರು ಎಜ್ಡಿಯ ಭಕ್ತರು. ಅದು ಮೈಸೂರಿನಲ್ಲಿ ತಯಾರಾದ ಗಾಡಿ, ನಮ್ಮದು, ಎಂಬ ಅಭಿಮಾನ. ಗೇರು ಹಾಕುವುದೂ ಕಿಕ್ ಹೊಡೆಯುವುದೂ ಒಂದೇ ಕಡ್ಡಿಯಿಂದ ಎಂದು ಅವರು ತೋರಿಸಿದಷ್ಟು ಸಲ ಕಾಕಾ ಮುಖ ತಿರುವುತ್ತಾನೆ. 1961ರಲ್ಲಿ ಸುರುವಾದ ಆ ಫ್ಯಾಕ್ಟರಿ ಮುಚ್ಚಿದ್ದೂ 1996ರಲ್ಲೇ. ಇದಕ್ಕೆ ಕಾಕಾನ ವಿವರಣೆ ಬಹಳ ಸರಳ: “ಆ ವರ್ಷ ನಾ ಗಾಡಿ ತಂದ್ಯಾ. ನೋಡಿದ್ರು, ಎರಡೂ ಕಂಪನ್ಯಾಗ ಬಾಗಲಾ ಹಾಕಿದ್ರು.”

ಬುಲೆಟ್ ಸುದ್ದಿ ಬಂದರೆ ಮಾತು ಗಂಗಾವತಿಗೆ ಹೋಗುತ್ತದೆ. ಅಲ್ಲಿಯವರದು ತುಂಗಭದ್ರಾ ಕಾಲುವೆ, ಎರಡು ಬೆಳೆ ಭತ್ತ. ಇಲ್ಲಿಯವರದು ಎರಿ ಹೊಲ. ಮಳೆ ಆದರೆ ಹೆಸರು, ಕಡಲೆ, ಇಲ್ಲದಿದ್ದರೆ ದೇವರ ಹೆಸರು. “ಅವ್ರು ನೀರ ನೋಡಿ ಗಾಡಿ ತಗೊಂತಾರ, ನಾವು ಮುಗಲ ನೋಡಿ ಪೆಟ್ರೋಲ್ ಹಾಕಸ್ತೀವಿ” ಎಂದು ಕಾಕಾ ಹೇಳುವಾಗ ನಗೆಯೂ ಇದೆ, ಸ್ವಲ್ಪ ಉರಿಯೂ ಇದೆ. ಆ ಎರಿ ಮಣ್ಣಿನದು ಬೇರೆ ಕಥೆ. ಒಂದು ಮಳೆ ಬಿದ್ದರೆ ಹೊಲದ ದಾರಿಯ ಕೆಸರು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿ ಕಚ್ಚಿ ನಿಂತುಬಿಡುತ್ತದೆ. ಹತ್ತು ಹೆಜ್ಜೆಗೊಮ್ಮೆ ಇಳಿದು ಜಾಲಿ ಕಟ್ಟಿಗೆಯಿಂದ ಬಗೆದು ತೆಗೆಯಬೇಕು. ಅಂಥ ದಿನ ಬುಲೆಟ್ಟೂ ಒಂದೇ, ಎಕ್ಸೆಲ್ಲೂ ಒಂದೇ. ಆ ದಿನಗಳ ಎವರೇಜನ್ನು ಕಾಕಾ ಡೈರಿಯಲ್ಲಿ ಬರೆಯುವುದಿಲ್ಲ, “ಮಳಿ” ಎಂದಷ್ಟೇ ಬರೆದು ಬಿಡುತ್ತಾನೆ.

ಸರ್ಕಾರದ ಕೆಲಸಗಳನ್ನು ಅಳೆಯುವುದೂ ಇದೇ ಕೋಲಿನಿಂದ. ಹೊಸ ನಮೂನೆ ನಂಬರ್ ಪ್ಲೇಟ್ ಹಾಕಿಸಿದ ಮೇಲೆ ಗಾಡಿ ಭಾರವಾಗಿ ಲೀಟರಿಗೆ ಅರ್ಧ ಕಿಲೋಮೀಟರ್ ಹೋಯಿತು ಎಂಬ ಅವನ ವಾದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. 2025ರ ಸೆಪ್ಟೆಂಬರಿನಲ್ಲಿ 350 ಸಿಸಿವರೆಗಿನ ಗಾಡಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದು, ಅದರ ಮೇಲಿನದಕ್ಕೆ 40 ಆದಾಗ ಕಟ್ಟೆಯಲ್ಲಿ ಮೂರು ಸಂಜೆ ಬೇರೆ ಮಾತಿಲ್ಲ. “ಬುಲೆಟ್ 349. ಒಂದ ಸಿಸಿದಾಗ ಪಾರಾತು. ಗೆರಿ ಎಳದವಾ ಬುಲೆಟ್ ಮ್ಯಾಲೇ ಕುಂತ ಎಳದಾನ” ಎಂದು ಕಾಕಾ ತೀರ್ಪು ಕೊಟ್ಟ. ತಾನು ಹೊಸ ಗಾಡಿ ತಗೊಳ್ಳುವ ವಿಚಾರ ಇದೆಯೇ ಎಂದರೆ ಇಲ್ಲ. ಇಳಿದ ರೇಟಿನ ಸಂತೋಷ ಮಾತ್ರ ಅವನದು.

ಖರ್ಚಿನ ಮಾತು ಬಂದಾಗ ಕಾಕುವನ್ನು ಕೇಳುವುದೇ ಒಳ್ಳೆಯದು. ಕುಕನೂರು ಇಲ್ಲಿಂದ 7 ಕಿಲೋಮೀಟರ್. ಅಲ್ಲಿ ಪ್ಲಗ್ಗಿಗೆ ಇಪ್ಪತ್ತು ರೂಪಾಯಿ ಹೆಚ್ಚು ಹೇಳಿದರೆಂದು ಕಾಕಾ ಕೊಪ್ಪಳಕ್ಕೆ ಹೋಗಿಬಂದ. ಹೋದಮೇಲೆ ಚಾ ಕುಡಿದ, ಭಜಿ ತಿಂದ, ಗವಿಮಠಕ್ಕೆ ಹೋಗಿ ಕಾಯಿ ಒಡೆಸಿದ. “ಇಪ್ಪತ್ತ ರೂಪಾಯಿ ಉಳಿಸಾಕ ಹೋದಾವ ಇನ್ನೂರ ಕಳಕೊಂಡ ಬಂದಾನ. ಕೇಳಿದ್ರ ‘ಎವರೇಜ್ ಎಪ್ಪತ್ತೆಂಟ ಬಂತು’ ಅಂತಾನ” ಎಂದು ಆಕೆ ಬಾವಿ ಕಟ್ಟೆಯಲ್ಲಿ ಹೇಳಿದ್ದು ಬೇವಿನ ಕಟ್ಟೆಗೂ ಬಂತು. ಕಾಕಾ ಅಷ್ಟನ್ನೇ ಹಿಡಿದುಕೊಂಡ: “ಎಪ್ಪತ್ತೆಂಟ ಅಂತ ಆಕಿನೂ ಒಪ್ಪಿಕೊಂಡಾಳ, ನೋಡು.”

ಇಟಗಿಯ ಮಹಾದೇವ ಗುಡಿ ನೋಡಲು ಶನಿವಾರ, ಭಾನುವಾರ ಬೆಂಗಳೂರು ಕಡೆಯ ರೈಡರುಗಳು ಬರುತ್ತಾರೆ. ಹಂಪಿ ಮುಗಿಸಿ, ಇಲ್ಲಿಗೆ ಬಂದು, ಲಕ್ಕುಂಡಿಗೆ ಹೋಗುವುದು ಅವರ ಲೆಕ್ಕ. ಮೊಣಕಾಲಿಗೆ ಕವಚ, ಹೆಲ್ಮೆಟ್ಟಿಗೆ ಕ್ಯಾಮೆರಾ. ಅಂಥವನೊಬ್ಬ ದೊಡ್ಡ ಗಾಡಿ ನಿಲ್ಲಿಸಿ ಕೇಳಿದ: “ಅಂಕಲ್, ದೇವಸ್ಥಾನ ಎಲ್ಲಿದೆ?”

“ಗುಡಿ ಎಲ್ಲಿ ಹೊಕ್ಕೈತ್ರೀ? 1112ರಿಂದ ಅಲ್ಲೇ ಐತಿ. ಎವರೇಜ್ ಎಷ್ಟ ಕೊಡ್ತೈತಿ ಹೇಳ್ರಿ.”

“ಇಪ್ಪತ್ತೆರಡು, ಇಪ್ಪತ್ಮೂರು ಬರುತ್ತೆ.”

ಕಾಕಾನ ಮುಖ ಸಾವಿನ ಮನೆಗೆ ಬಂದವರ ಮುಖವಾಯಿತು. ಹುಡುಗನ ಭುಜ ಹಿಡಿದು ಚಾದಂಗಡಿಗೆ ಕರೆದುಕೊಂಡು ಹೋದ. ಚಾ ಹೇಳಿದ, ಭಜಿ ಹೇಳಿದ. “ಫಿಟ್ಟರ್‌ಗೆ ತೋರಿಸೀರಿಲ್ಲೋ? ಮನ್ಯಾಗ ಗೊತ್ತೈತಿಲ್ಲೋ?” ಎಂದು ಮೆಲ್ಲಗೆ ವಿಚಾರಿಸಿದ. ಆಮೇಲೆ ಡೈರಿ ತೆಗೆದ. “ಬೆಂಗಳೂರಿಂದ ಇಲ್ಲಿಮಟ ನಿಮಗ ಹದಿನಾರ ಲೀಟರ್ ಬೇಕು. ಅಷ್ಟರಾಗ ನಾ ಶ್ರೀಶೈಲಕ್ಕ ಹೋಗಿ ಬಂದು ಇನ್ನೊಮ್ಮಿ ಹೋಗ್ತೀನಿ.” ಎರಡನೇ ಸಲ ಹೋದವನು ಬರುವುದು ಹೇಗೆ ಎಂದು ಯಾರೂ ಕೇಳಲಿಲ್ಲ.

ರೈಡಿಂಗ್ ಅಂದರೆ ತನಗೆ ಧ್ಯಾನ ಇದ್ದಂಗೆ ಅಂಕಲ್, ಎಲ್ಲ ಮರೆತುಹೋಗುತ್ತೆ, ಅಂದ ಆ ಹುಡುಗ. ಕಾಕಾನಿಗೆ ಇದು ಬಗೆಹರಿಯಲೇ ಇಲ್ಲ. ಬೀಜಕ್ಕೆ, ದವಾಖಾನೆಗೆ, ಮದುವೆಗೆ, ಕೋರ್ಟಿಗೆ ಗಾಡಿ ಹೊಡೆದವನು ಅವನು. ಕೆಲಸವಿಲ್ಲದೆ ನೂರಾರು ಮೈಲು ಬರುವುದು ಅವನ ಡೈರಿಯ ಯಾವ ಕಾಲಮಿಗೂ ಸೇರುವುದಿಲ್ಲ. ಆ ಹುಡುಗನ ಸುಖ ಪೆಟ್ರೋಲ್ ಸುಡುವುದರಲ್ಲಿ, ಕಾಕಾನ ಸುಖ ಸುಡದೇ ಇರುವುದರಲ್ಲಿ. ನನ್ನ ಕೇಳಿದರೆ ಇಬ್ಬರ ಹುಚ್ಚೂ ಒಂದೇ ತೂಕದ್ದು. ಬಳಪದ ಕಲ್ಲಿನಲ್ಲಿ ಆ ಗುಡಿ ಕಟ್ಟಿಸಿದ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕುದುರೆಗೆ ಹುರುಳಿ ಎಷ್ಟು ಹಾಕುತ್ತಿದ್ದ ಎಂಬ ಲೆಕ್ಕವೊಂದು ಶಾಸನದಲ್ಲಿ ಇದ್ದಿದ್ದರೆ ಕಾಕಾ ಇಷ್ಟೊತ್ತಿಗೆ ಹಳಗನ್ನಡ ಕಲಿತಿರುತ್ತಿದ್ದ. ಗುಡಿಗೆ ಶಾಸನದಲ್ಲಿ ಸಿಕ್ಕಿದ್ದು ದೇವಾಲಯ ಚಕ್ರವರ್ತಿ ಎಂಬ ಬಿರುದು.

ಮಗಳಿಗೆ ವರ ನೋಡಿದ್ದೂ ಇದೇ ಪದ್ಧತಿಯಲ್ಲಿ. ಕನ್ಯಾ ನೋಡಲು ಒಬ್ಬ ರೇಸಿಂಗ್ ನಮೂನೆಯ ಗಾಡಿಯಲ್ಲಿ ಬಂದ. ಹಿಂದಿನ ಸೀಟು ಬೆನ್ನಿಗಿಂತ ಮೇಲೆ. ಕಾಕಾ ಹೊರಗೇ ನಿಂತು ನೋಡಿ, “ನನ್ನ ಮಗಳೇನ ಅಟ್ಟದ ಮ್ಯಾಲೆ ಕುಂಡ್ರಬೇಕೇನು?” ಎಂದು ಉಪ್ಪಿಟ್ಟು ಕೊಟ್ಟು ಕಳಿಸಿದ. ಕೊನೆಗೆ ಕುಷ್ಟಗಿ ಕಡೆಯ ಮಾಸ್ತರನೊಬ್ಬ ಗೊತ್ತಾದ. ಆಗ ಅವನದು ಸ್ಪ್ಲೆಂಡರೇ. ಮದುವೆಯಾದ ಮೇಲೆ ಅಳಿಯ ಅದನ್ನು ಮಾರಿ ಕರೆಂಟಿನ ಸ್ಕೂಟರ್ ತಂದ. ಅದರ ಮೇಲೆ ಮೊದಲ ಸಲ ಬಂದಾಗ ಕಾಕಾ ಬಾಗಿಲಲ್ಲೇ ಕೇಳಿದ:

“ಎಷ್ಟ ಕೊಡ್ತೈತ್ರೀ?”

“ಒಮ್ಮಿ ಚಾರ್ಜ್ ಮಾಡಿದ್ರ ನೂರ ಬರ್ತೈತ್ರೀ, ಮಾವಾರ.”

“ಲೀಟರಿಗೇನ್ರೀ?”

“ಲೀಟರ್ ಇಲ್ಲರೀ ಇದಕ್ಕ.”

ಕಾಕಾ ಡೈರಿ ತೆರೆದು, ಪೆನ್ನಿನ ಟೋಪಿ ತೆಗೆದು, ಬಹಳ ಹೊತ್ತು ಕುಂತ. ಕಿಲೋಮೀಟರಿದೆ, ಭಾಗಿಸಲು ಪೆಟ್ರೋಲಿಲ್ಲ. ಕಡೆಗೆ ಸ್ಕೂಟರನ್ನು ತನ್ನ ಮನೆಯಲ್ಲೇ ಚಾರ್ಜಿಗೆ ಹಚ್ಚಿಸಿ, ಕರೆಂಟಿನ ಮೀಟರ್ ಮುಂದೆ ಸ್ಟೂಲ್ ಹಾಕಿಕೊಂಡ. ಕಾಕು ಮಿಕ್ಸರ್ ಹಚ್ಚಬಾರದು, ಫ್ಯಾನ್ ತಿರುಗಬಾರದು. ನಡುವೆ ಎರಡು ಸಲ ಕರೆಂಟ್ ಹೋಯಿತು. ಅಳಿಯ ಸೆಕೆಯಲ್ಲಿ ಬೆಂದು ರಾತ್ರಿಯ ಬಸ್ಸಿಗೆ ಊರಿಗೆ ಹೋದ. ಸ್ಕೂಟರ್ ಇನ್ನೂ ಕಾಕಾನ ಪಡಸಾಲೆಯಲ್ಲೇ ಇದೆ, ಲೆಕ್ಕ ಮುಗಿದ ಮೇಲೆ ಕೊಡುತ್ತಾನಂತೆ.

ಇಟಗಿಗೆ ಗಾಡಿ ಮೇಲೆ ಬರುವವರು ಒಂದು ಮಾತು ನೆನಪಿಡಬೇಕು. ಕಾಕಾ ಕೇಳಿದರೆ ಅರವತ್ತರ ಮೇಲೆ ಹೇಳಿ. ಕಡಿಮೆ ಹೇಳಿದಿರೋ, ಕಾರ್ಬೋರೇಟರ್ ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬರುತ್ತಾನೆ. ಈಗಿನ ಗಾಡಿಯಲ್ಲಿ ಕಾರ್ಬೋರೇಟರೇ ಇರುವುದಿಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ನಿಮಗೆ ಗುಡಿ ನೋಡಲು ಹೊತ್ತು ಉಳಿಯುವುದಿಲ್ಲ.