ಹೆಡ್‌ಲೈಟ್ ಕಾಕಾ

ಕಂಪನಿ 2014ರಲ್ಲೇ ಮಾರುತಿ 800 ಮಾಡುವುದನ್ನು ಬಿಟ್ಟಿತು. ಮಸಗುಪ್ಪಿಯ ಹೆಡ್‌ಲೈಟ್ ಕಾಕಾ ಮಾತ್ರ ಅದಕ್ಕೆ ಬಲ್ಬು ಹುಡುಕುವುದನ್ನು ಇನ್ನೂ ಬಿಟ್ಟಿಲ್ಲ. ಮೂಡಲಗಿ, ಹುಕ್ಕೇರಿ ಕಡೆಯವರು ನಗಬೇಡಿ, ನಿಮ್ಮೂರಲ್ಲೂ ಒಬ್ಬ ಇದ್ದೇ ಇರುತ್ತಾನೆ.

ಗೋಕಾಕದ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಕಾಕಾ ಬಲ್ಬು ನೋಡುವುದು ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ. ಅಂಗಡಿಯವ ಎಚ್4, 60/55 ವ್ಯಾಟ್ ತೆಗೆದಿಡುತ್ತಾನೆ. ಗಾಡಿಗೆ ಬೇಕಾದದ್ದೂ ಅದೇ. ‘ಗಾಜು ಮುಟ್ಟಬ್ಯಾಡೋ ತಮ್ಮಾ! ಬೆರಳಿನ ಎಣ್ಣಿ ಹತ್ತಿದ್ರ ಅಲ್ಲೇ ಕಾದು ಬಲ್ಬ್ ಹೋಗತೈತಿ’ ಎಂದು ಕಾಕಾ ಗದರುತ್ತಾನೆ. ಮಾತು ನೂರಕ್ಕೆ ನೂರು ಖರೆ. ಆದರೆ ಆಮೇಲೆ ಅದನ್ನು ತಾನು ಹಿಡಿಯುವುದು, ಈಗಷ್ಟೇ ಮಿರ್ಚಿ ಭಜಿ ತಿಂದು ಕೈ ಒರೆಸಿದ ಧೋತರದ ಚುಂಗಿನಿಂದ!

60/55ರ ಬೆಳಕು ಸಾಲದೆಂದು ಮೊದಲು 100/90 ಹಾಕಿಸಿದ. ಬೆಳಕಿಗಿಂತ ಮುಂಚೆ ವಾಸನೆ ಬಂತು; ಹೋಲ್ಡರ್ ಕರಗಿತ್ತು. ಆಮೇಲೆ ಎಲ್‌ಇಡಿ, ‘6000 ಕೆಲ್ವಿನ್, ಹಾಲಿನಂಥ ಬೆಳಕ್ರೀ’. ತಂತಿ ಉರಿಯುವ ಬಲ್ಬಿಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಕೂರಿಸಿದರೆ ಬೆಳಕು ರಸ್ತೆಗೆ ಬೀಳುವುದು ಕಡಿಮೆ, ಎದುರಿನವನ ಕಣ್ಣಿಗೆ ಬೀಳುವುದೇ ಹೆಚ್ಚು. ಕಬ್ಬಿನ ಟ್ರ್ಯಾಕ್ಟರಿನವರು ಬೈದರೆ ‘ನೋಡ್ರಿ, ಅಷ್ಟು ದೂರ ಹೋಗತೈತಿ ಬೆಳಕು’ ಎಂದು ಅದನ್ನೂ ಸರ್ಟಿಫಿಕೇಟಿಗೆ ಸೇರಿಸಿಕೊಂಡ. ಡಬಲ್ ಟ್ರೇಲರಿಗೆ ಹಿಂದೆ ಒಂದು ಕೆಂಪು ದೀಪವನ್ನೂ ಹಚ್ಚದ ಅವರಿಗೆ ಬೈಯುವ ಹಕ್ಕಿದೆಯೇ ಎಂಬುದು ಬೇರೆ ಮಾತು.

ಕೊನೆಗೆ ಗ್ಯಾರೇಜಿನ ಹುಡುಗ ಮೀಟರು ಹಿಡಿದ. ಬ್ಯಾಟರಿಯಲ್ಲಿದ್ದ ವೋಲ್ಟೇಜು ಬಲ್ಬಿಗೆ ಮುಟ್ಟುವ ಹೊತ್ತಿಗೆ ಸೋರಿಹೋಗಿತ್ತು. ಹ್ಯಾಲೊಜನ್ ಬಲ್ಬಿಗೆ ನೂರಕ್ಕೆ ಹತ್ತರಷ್ಟು ವೋಲ್ಟೇಜ್ ಕಡಿಮೆಯಾದರೆ ಬೆಳಕು ಹೆಚ್ಚುಕಡಿಮೆ ಮೂವತ್ತರಷ್ಟು ಇಳಿಯುತ್ತದೆ. ‘ಕಾಕಾ, ಬಲ್ಬಿಂದೇನೂ ತಪ್ಪಿಲ್ಲ. ವೈರ್ ಹಳೇದಾಗ್ಯಾವು. ದಪ್ಪ ವೈರ್ ಎಳದು ರಿಲೇ ಕೂಡಸೂಣು, ಹಳೇ 60/55 ಸಾಕು.’

ಕಾಕಾನ ಮುಖ ಬಾಡಿತು. ‘ಅಲ್ಲೋ, ವೈರ್ ಹಾಕ್ಸಿದ್ರ ಯಾರಿಗೆ ಕಾಣಸ್ತೈತಿ?’

ಎಲ್‌ಇಡಿ ಇನ್ನೂ ಗಾಡಿಯಲ್ಲೇ ಇದೆ. ರಾತ್ರಿ ಗೋಕಾಕದಿಂದ ಈ ಕಡೆ ಬರುವವರು ಎದುರಿಗೆ ಬೆಳ್ಳನೆಯ ಝಳ ಕಂಡರೆ ಡಿಪ್ಪರ್ ಹೊಡೆಯುತ್ತ ಕೂರಬೇಡಿ, ಗಾಡಿ ಬದಿಗೆ ಹಾಕಿ. ಜಗಳಕ್ಕೆಂದು ಇಳಿಯಲಂತೂ ಬೇಡಿ. ನಿಮ್ಮ ಗಾಡಿಗೆ ಯಾವ ಬಲ್ಬು ಎಂದು ಕಾಕಾ ಮಾತು ತೆಗೆದರೆ ಮನೆ ಮುಟ್ಟುವಾಗ ಬೆಳಗಾಗಿರುತ್ತದೆ.